ಚಿಮಣಿಯಲ್ಲಿ ಸಲ್ಫರ್ ಡೈಆಕ್ಸೈಡ್ ಏರಿದಾಗ: ಕನ್ವರ್ಟರ್ ತೆರೆಯುವ ಮೊದಲು ನೋಡಬೇಕಾದದ್ದು

ಗಂಧಕಾಮ್ಲದ ಪ್ಲಾಂಟಿನಲ್ಲಿ ಚಿಮಣಿಯ ಡೈಆಕ್ಸೈಡ್ ಏರಿದ ದಿನ ಕಂಟ್ರೋಲ್ ರೂಮಿನಲ್ಲಿ ಮೊದಲು ಕೇಳಿಸುವ ಮಾತು ಒಂದೇ: "ಕ್ಯಾಟಲಿಸ್ಟ್ ಹೋಯ್ತು." ಕನ್ವರ್ಟರ್ ಅನ್ನುವ ಪಾತ್ರೆಯೊಳಗೆ ಕೂತು, ಸಲ್ಫರ್ ಡೈಆಕ್ಸೈಡ್ ಬೇಗ ಸಲ್ಫರ್ ಟ್ರೈಆಕ್ಸೈಡ್ ಆಗುವಂತೆ ಮಾಡುವ ಈ ಕ್ಯಾಟಲಿಸ್ಟ್ ಬಾಯಿಲ್ಲದ್ದು. ಅದರ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ನಾನು ಕಂಡ ಮಟ್ಟಿಗೆ ಅದು ನಿಜವಾಗಿ ಸೋತಿದ್ದಕ್ಕಿಂತ, ಬೇರೆಯವರ ತಪ್ಪಿಗೆ ಬೈಸಿಕೊಂಡದ್ದೇ ಜಾಸ್ತಿ. ಕನ್ವರ್ಟರ್ ತಣಿಸಿ, ತೆರೆದು, ಸೋಸಿ, ಮತ್ತೆ ಕಾಯಿಸುವುದು ದಿನಗಟ್ಟಲೆಯ ಕೆಲಸ. ಪ್ಲಾಂಟ್ ಓಡುತ್ತಿರುವಾಗಲೇ ಎಷ್ಟೋ ವಿಷಯ ಗೊತ್ತಾಗುತ್ತದೆ. ಅದನ್ನು ಓದುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ನನ್ನ ಕಣ್ಣ ಮುಂದಿರುವುದು ಗಂಧಕ ಸುಡುವ ಪ್ಲಾಂಟ್. ಕನ್ವರ್ಟರಿನಲ್ಲಿ ನಾಲ್ಕು ಬೆಡ್, ಅಂದರೆ ಕ್ಯಾಟಲಿಸ್ಟ್ ಉಂಡೆಗಳ ನಾಲ್ಕು ಹಾಸು. ಮೂರನೇ ಬೆಡ್ ಆದ ಮೇಲೆ ಒಮ್ಮೆ, ನಾಲ್ಕನೆಯದರ ನಂತರ ಇನ್ನೊಮ್ಮೆ ಟ್ರೈಆಕ್ಸೈಡನ್ನು ಆಮ್ಲ ಹೀರಿಕೊಳ್ಳುತ್ತದೆ. ಇದಕ್ಕೆ ಡಬಲ್ ಅಬ್ಸಾರ್ಪ್ಷನ್ ಅನ್ನುತ್ತಾರೆ. ನಿಮ್ಮ ಪ್ಲಾಂಟಿನ ಅಂಕಿಗಳು ಸ್ವಲ್ಪ ಆಚೀಚೆ ಇರಬಹುದು, ಓದುವ ಬಗೆ ಅದೇ.

ಮೊದಲು ಹೊರಗೆ ಬಂದು ಚಿಮಣಿ ನೋಡಿ

ಇದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಸಲ್ಫರ್ ಡೈಆಕ್ಸೈಡಿಗೆ ಬಣ್ಣ ಇಲ್ಲ. ಮೂಗಿಗೆ ಘಾಟು ಹೊಡೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಟ್ರೈಆಕ್ಸೈಡ್ ಹಾಗಲ್ಲ. ಹೊರಗಿನ ಗಾಳಿಯ ತೇವ ಸಿಕ್ಕಿದ ಕೂಡಲೇ ಆಮ್ಲದ ಮಂಜಾಗಿ, ದಟ್ಟ ಬಿಳಿ ಹೊಗೆಯಾಗಿ ನಿಲ್ಲುತ್ತದೆ.

ಚಿಮಣಿ ಬೆಳ್ಳಗೆ ಹೊಗೆಯುಗುಳುತ್ತಿದ್ದರೆ ಡೈಆಕ್ಸೈಡ್ ಟ್ರೈಆಕ್ಸೈಡ್ ಆಗಿದೆ, ಹೀರಿಕೊಳ್ಳುವ ಟವರಿನಲ್ಲಿ ತಡೆದಿಲ್ಲ ಅಂತ ಅರ್ಥ. ಆಗ ನೋಡಬೇಕಾದದ್ದು ಟವರಿನ ಆಮ್ಲ. ಅದು 98.5 ಪ್ರತಿಶತದ ಆಸುಪಾಸಿನಲ್ಲಿರಬೇಕು. ತುಂಬಾ ಕೆಳಗಿಳಿದರೆ ಆಮ್ಲದಿಂದಲೇ ನೀರಾವಿ ಎದ್ದು ಮಂಜು ಕಟ್ಟುತ್ತದೆ. 99 ದಾಟಿದರೆ ಟ್ರೈಆಕ್ಸೈಡೇ ಆವಿಯಾಗಿ ಮೇಲೆ ಹೋಗುತ್ತದೆ. ಜೊತೆಗೆ ಆಮ್ಲದ ತಾಪ, ಹರಿವು, ಮಂಜು ಹಿಡಿಯುವ ಕ್ಯಾಂಡಲ್ ಫಿಲ್ಟರ್‌ಗಳು. ಇದಕ್ಕೂ ಕನ್ವರ್ಟರಿಗೂ ಸಂಬಂಧವಿಲ್ಲ. ಬಿಳಿ ಹೊಗೆ ಕಂಡು ಕ್ಯಾಟಲಿಸ್ಟ್ ಬದಲಿಸಲು ಹೊರಟವರನ್ನೂ ನೋಡಿದ್ದೇನೆ, ಇರಲಿ ಬಿಡಿ.

ಚಿಮಣಿಯ ತುದಿ ತಿಳಿಯಾಗಿದೆ, ಆದರೆ ಅಲ್ಲಿನ ಡೈಆಕ್ಸೈಡ್ ಅಳೆಯುವ ಅನಲೈಜರ್ ಏರಿದೆ ಅಂದರೆ ಮಾತ್ರ ಮುಂದೆ ಓದಿ.

ಏರಿದ್ದು ನಿಜವೇ?

ಪರಿವರ್ತನೆ, ಅಂದರೆ ಟ್ರೈಆಕ್ಸೈಡ್ ಆದ ಡೈಆಕ್ಸೈಡಿನ ಪಾಲು, 99.7 ಪ್ರತಿಶತದಿಂದ 99.4ಕ್ಕೆ ಇಳಿದರೆ ಕೇಳುವುದಕ್ಕೆ ಏನೂ ಅಲ್ಲ ಅನಿಸುತ್ತದೆ. ಉಳಿದದ್ದನ್ನು ನೋಡಿ: 0.3 ಇದ್ದದ್ದು 0.6 ಆಯಿತು. ಅಂದರೆ ಚಿಮಣಿಯಲ್ಲಿ ಎರಡು ಪಟ್ಟು. ಒಳಗೆ ಬರುವ ಅನಿಲದಲ್ಲಿ 10 ಪ್ರತಿಶತ ಡೈಆಕ್ಸೈಡ್ ಇದ್ದರೆ, 99.7ಕ್ಕೆ ಚಿಮಣಿಯಲ್ಲಿ ಸುಮಾರು 350 ಪಿಪಿಎಂ (ಹತ್ತು ಲಕ್ಷದಲ್ಲಿ 350 ಪಾಲು) ಕಾಣುತ್ತದೆ, 99.4ಕ್ಕೆ 700. ಇಷ್ಟು ಸೂಕ್ಷ್ಮ ಜಾಗದಲ್ಲಿ ಅನಲೈಜರ್ ಸ್ವಲ್ಪ ಜಾರಿದರೂ ನಮ್ಮ ನಿದ್ದೆ ಕೆಡುತ್ತದೆ.

ಅದಕ್ಕೇ ಕೈಯಲ್ಲಿ ಮಾಡುವ ರೈಖ್ ಪರೀಕ್ಷೆಯನ್ನು ಮರೆಯಬೇಡಿ. ಗೊತ್ತಿರುವ ಅಳತೆಯ ಅಯೋಡಿನ್ ದ್ರಾವಣಕ್ಕೆ ಸ್ಟಾರ್ಚ್ ಹಾಕಿದರೆ ಕಡುನೀಲಿ ಆಗುತ್ತದೆ. ಅದರೊಳಗೆ ಅನಿಲವನ್ನು ಗುಳ್ಳೆಗುಳ್ಳೆಯಾಗಿ ಎಳೆಯಿರಿ. ಡೈಆಕ್ಸೈಡ್ ಅಯೋಡಿನನ್ನು ತಿಂದು ಮುಗಿಸಿದ ಗಳಿಗೆಯಲ್ಲಿ ನೀಲಿ ಮಾಯ. ಅಷ್ಟರಲ್ಲಿ ಎಷ್ಟು ಅನಿಲ ಎಳೆದಿದ್ದೀರಿ ಎನ್ನುವುದರಿಂದ ಲೆಕ್ಕ ಸಿಗುತ್ತದೆ. ಟ್ರೈಆಕ್ಸೈಡಿಗೆ ಅಯೋಡಿನ್ ಮೇಲೆ ಆಸೆ ಇಲ್ಲ, ಹಾಗಾಗಿ ಎರಡೂ ಬೆರೆತ ಅನಿಲದಲ್ಲೂ ಇದು ನಡೆಯುತ್ತದೆ. ಮುಖಕ್ಕೆ ಸರಿಯಾದ ಮಾಸ್ಕ್ ಇಲ್ಲದೆ ಸ್ಯಾಂಪಲ್ ತೆಗೆಯಲು ಹೋಗಬೇಡಿ.

ಒಳಗೆ ಬರುವ ಅನಿಲಕ್ಕೆ ಇನ್ನೊಂದು ಸುಲಭದ ತಾಳೆ ಇದೆ. ಗಂಧಕ ಸುಟ್ಟಾಗ ಆಮ್ಲಜನಕದ ಒಂದು ಅಣು ಹೋಗಿ ಡೈಆಕ್ಸೈಡಿನ ಒಂದು ಅಣು ಬರುತ್ತದೆ. ಹಾಗಾಗಿ ಒಣಗಾಳಿಯಲ್ಲಿ ಸುಟ್ಟ ಅನಿಲದಲ್ಲಿ ಎರಡನ್ನೂ ಕೂಡಿಸಿದರೆ ಯಾವಾಗಲೂ 20.9ರ ಹತ್ತಿರವೇ ಇರಬೇಕು. ಡೈಆಕ್ಸೈಡ್ 10 ಅಂದರೆ ಆಮ್ಲಜನಕ 10.9. ಎಲ್ಲಿಂದಲೋ ಗಾಳಿ ಸೋರಿ ಒಳಗೆ ಬಂದರೂ ಮೊತ್ತ ಬದಲಾಗುವುದಿಲ್ಲ, ಸೋರಿದ್ದೂ ಅದೇ ಗಾಳಿ ತಾನೇ? ಮೊತ್ತ 19 ಅಥವಾ 22 ಬಂದರೆ ತಪ್ಪಿರುವುದು ಅಳತೆಯಲ್ಲಿ, ಪ್ಲಾಂಟಿನಲ್ಲಲ್ಲ.

ತಾಪಮಾನವೇ ಲೆಕ್ಕದ ಪುಸ್ತಕ

ಇಲ್ಲಿ ಒಂದು ಚೂರು ರಸಾಯನಶಾಸ್ತ್ರ ಬೇಕು. ಡೈಆಕ್ಸೈಡಿನ ಎರಡು ಅಣು, ಆಮ್ಲಜನಕದ ಒಂದು ಅಣು ಸೇರಿ ಟ್ರೈಆಕ್ಸೈಡಿನ ಎರಡು ಅಣು. ಈ ಕ್ರಿಯೆ ಶಾಖ ಬಿಡುತ್ತದೆ, ಡೈಆಕ್ಸೈಡಿನ ಒಂದು ಮೋಲಿಗೆ ಸುಮಾರು 99 ಕಿಲೋಜೂಲ್. ಮತ್ತು ಇದು ಎರಡೂ ಕಡೆ ನಡೆಯುವ ಕ್ರಿಯೆ. ಬಿಸಿ ಹೆಚ್ಚಾದಷ್ಟೂ ಟ್ರೈಆಕ್ಸೈಡ್ ಮತ್ತೆ ಒಡೆಯಲು ನೋಡುತ್ತದೆ. ಸಮತೋಲನದ ಸ್ಥಿರಾಂಕ, ಅಂದರೆ ಕ್ರಿಯೆ ಟ್ರೈಆಕ್ಸೈಡಿನ ಕಡೆ ಎಷ್ಟು ವಾಲುತ್ತದೆ ಅನ್ನುವ ಅಳತೆ, 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 300 ಇದ್ದದ್ದು 600ಕ್ಕೆ ಹೋಗುವಷ್ಟರಲ್ಲಿ 10ಕ್ಕೆ ಬಿದ್ದಿರುತ್ತದೆ.

ತಣ್ಣಗೆ ಇಟ್ಟರೆ ಒಳ್ಳೆಯದಲ್ವಾ ಅಂದರೆ, ಅದೂ ಆಗುವುದಿಲ್ಲ. ವನೇಡಿಯಂ ಕ್ಯಾಟಲಿಸ್ಟ್ 400 ಡಿಗ್ರಿಗಿಂತ ಕೆಳಗೆ ಮಂಕು ಬಡಿದಂತೆ ಕೂರುತ್ತದೆ. ಬಿಸಿಗೆ ಬಂದಾಗ ಅದರೊಳಗಿನ ವನೇಡಿಯಂ ಪೆಂಟಾಕ್ಸೈಡ್ ಮತ್ತು ಪೊಟ್ಯಾಸಿಯಂ ಲವಣಗಳು ಕರಗಿ, ಸಿಲಿಕಾದ ಸಣ್ಣ ರಂಧ್ರಗಳ ಒಳಗೆ ತೆಳು ದ್ರವವಾಗಿ ಹರಡಿರುತ್ತವೆ. ಕೆಲಸ ನಡೆಯುವುದು ಆ ದ್ರವದಲ್ಲಿ. ತಣ್ಣಗಾದರೆ ವನೇಡಿಯಂನ ಒಂದು ಭಾಗ ಹರಳುಗಟ್ಟಿ ಕೆಲಸದಿಂದ ಹೊರಗುಳಿಯುತ್ತದೆ. ಸೀಸಿಯಂ ಸೇರಿಸಿದ ಬಗೆ ಇನ್ನೂ ಸ್ವಲ್ಪ ತಣ್ಣಗೆ, 380ರಿಂದ 400ರಲ್ಲೂ ಎದ್ದು ಕೂರುತ್ತದೆ. ಕೊನೆಯ ಬೆಡ್‌ಗೆ ಅದನ್ನು ಹಾಕುವುದು ಅದಕ್ಕೇ.

ಈಗ ಮುಖ್ಯ ವಿಷಯ. ಬೆಡ್‌ನಲ್ಲಿ ಎಷ್ಟು ಡೈಆಕ್ಸೈಡ್ ಬದಲಾಯಿತೋ ಅಷ್ಟು ಅನಿಲ ಬಿಸಿಯಾಗುತ್ತದೆ. ಅನಿಲದ ಒಂದು ಪ್ರತಿಶತ ಡೈಆಕ್ಸೈಡ್ ಬದಲಾದರೆ ಸುಮಾರು 29 ಡಿಗ್ರಿ ಏರುತ್ತದೆ. 10 ಪ್ರತಿಶತದ ಅನಿಲ ಪೂರ್ತಿ ಬದಲಾದರೆ 290 ಡಿಗ್ರಿ. ಹಾಗಾಗಿ ಪ್ರತಿ ಬೆಡ್‌ನ ಒಳ ಮತ್ತು ಹೊರ ತಾಪದ ವ್ಯತ್ಯಾಸ ಅಂದರೆ ಆ ಬೆಡ್ ಮಾಡಿದ ಕೆಲಸದ ಕೂಲಿ ಲೆಕ್ಕ.

ಆರೋಗ್ಯವಾಗಿರುವ ಕನ್ವರ್ಟರ್ ಹೀಗಿರುತ್ತದೆ ಅಂದುಕೊಳ್ಳಿ. ಮೊದಲ ಬೆಡ್‌ಗೆ 420ರಲ್ಲಿ ಹೋಗಿ 608ರಲ್ಲಿ ಬಂತು: ಏರಿಕೆ 188, ಅಂದರೆ 65 ಪ್ರತಿಶತ. ಎರಡನೆಯದು 440ರಿಂದ 512: ಏರಿಕೆ 72, ಇನ್ನೊಂದು 25 ಪ್ರತಿಶತ, ಒಟ್ಟು 90. ಮೂರನೆಯದು 432ರಿಂದ 447: ಏರಿಕೆ 15, ಒಟ್ಟು 95. ನಡುವೆ ಟ್ರೈಆಕ್ಸೈಡನ್ನು ತೆಗೆದ ಮೇಲೆ ನಾಲ್ಕನೆಯದರಲ್ಲಿ ಸುಮಾರು 16 ಡಿಗ್ರಿ ಏರಿಕೆ. ಪ್ಲಾಂಟ್ ಚೆನ್ನಾಗಿ ಓಡುತ್ತಿರುವ ದಿನದ ನಿಮ್ಮ ಅಂಕಿಗಳನ್ನು ಬರೆದು ಗೋಡೆಗೆ ಅಂಟಿಸಿ. ಕಾಯಿಲೆ ಬಂದ ಮೇಲೆ ಆರೋಗ್ಯದ ಅಂಕಿ ಹುಡುಕಿದರೆ ಸಿಗುವುದಿಲ್ಲ.

ಈ ಲೆಕ್ಕದಲ್ಲಿ ಒಂದು ಮೋಸವೂ ಇದೆ. ಮೊದಲ ಬೆಡ್ ಸೋತರೆ ಎರಡನೆಯದು ಅದರ ಪಾಲನ್ನೂ ಎಳೆಯುತ್ತದೆ. ಎರಡನೆಯದು ಬಳಲಿದರೆ ಮೂರನೆಯದು. ಚಿಮಣಿಗೆ ಸುದ್ದಿ ಮುಟ್ಟುವಷ್ಟರಲ್ಲಿ ತಿಂಗಳುಗಳೇ ಕಳೆದಿರಬಹುದು. ಚಿಮಣಿ ಸರಿಯಾಗಿದ್ದೂ ಮೊದಲ ಬೆಡ್‌ನ ಏರಿಕೆ 188ರಿಂದ 170ಕ್ಕೆ ಇಳಿದು ಎರಡನೆಯದು 72ರಿಂದ 88ಕ್ಕೆ ಹೋಗಿದ್ದರೆ ದೋಷ ಶುರುವಾಗಿದೆ ಅಂತಲೇ ತಿಳಿಯಿರಿ.

ಇನ್ನೊಂದು ಮಾತು. ನಾಲ್ಕನೇ ಬೆಡ್‌ನಲ್ಲಿ ಥರ್ಮಾಮೀಟರ್ ನಂಬಬೇಡಿ. ಒಟ್ಟು ಪರಿವರ್ತನೆ 99.7ರಿಂದ 99.4ಕ್ಕೆ ಬಿದ್ದಾಗ ಅಲ್ಲಿನ ಏರಿಕೆಯಲ್ಲಿ ಆಗುವ ವ್ಯತ್ಯಾಸ ಬರೀ ಒಂದು ಡಿಗ್ರಿ. ಯಾವ ಥರ್ಮೋಕಪಲ್ಲೂ ಅದನ್ನು ಹಿಡಿಯುವುದಿಲ್ಲ. ಮೊದಲ ಎರಡು ಬೆಡ್‌ಗೆ ತಾಪಮಾನ, ಕೊನೆಯದಕ್ಕೆ ಅನಿಲದ ಅಳತೆ.

ನೂರು ಪ್ರತಿಶತ ತೋರಿಸಿದ ಕನ್ವರ್ಟರ್

ನಾನು ಕೆಲಸ ಮಾಡುತ್ತಿದ್ದ ಒಂದು ಪ್ಲಾಂಟಿನಲ್ಲಿ ವಾರ್ಷಿಕ ರಿಪೇರಿ ಮುಗಿದು ಹತ್ತು ದಿನ ಆಗಿತ್ತು. ಚಿಮಣಿ 350ರ ಹತ್ತಿರ ಇರುತ್ತಿದ್ದದ್ದು 400 ದಾಟಿತ್ತು. ಸೋಸಿದ ಕ್ಯಾಟಲಿಸ್ಟ್ ಸರಿ ಇಲ್ಲ ಅಂತ ಎಲ್ಲರೂ ತೀರ್ಮಾನಿಸಿಯೂ ಆಗಿತ್ತು. ಹೊಸದಕ್ಕೆ ದರ ಕೇಳುವ ಪತ್ರ ಕೂಡ ತಯಾರಿತ್ತು.

ರಾತ್ರಿ ಪಾಳಿಯಲ್ಲಿ ಸುಮ್ನೆ ಕೂತು ಏರಿಕೆಗಳನ್ನು ಕೂಡಿಸಿದೆ. ಮೊದಲ ಬೆಡ್ 420ರಿಂದ 617, ಏರಿಕೆ 197. ಎರಡನೆಯದು 76. ಮೂರನೆಯದು 17. ಒಟ್ಟು 290. ಒಳಗೆ ಬರುತ್ತಿದ್ದ ಅನಿಲ 10 ಪ್ರತಿಶತ. ಅಂದರೆ ಮೂರನೇ ಬೆಡ್ ಮುಗಿಯುವಷ್ಟರಲ್ಲೇ 100 ಪ್ರತಿಶತ ಪರಿವರ್ತನೆ! ನಡುವೆ ಟ್ರೈಆಕ್ಸೈಡ್ ತೆಗೆಯದೆ ಅದು ಆಗುವ ಮಾತೇ ಅಲ್ಲ, ಸಮತೋಲನ ಬಿಡುವುದಿಲ್ಲ. ಯಾವುದೋ ಒಂದು ಅಂಕಿ ಸುಳ್ಳು ಹೇಳುತ್ತಿತ್ತು.

ಮೊದಲ ಬೆಡ್‌ನ ಏರಿಕೆ ಹೆಚ್ಚಾಗಿದ್ದರೆ ಎರಡನೆಯದಕ್ಕೆ ಕೆಲಸ ಕಡಿಮೆ ಉಳಿಯಬೇಕು. ಇಲ್ಲಿ ಎರಡೂ ಹೆಚ್ಚು. ಹಾಗಾದರೆ ಮೊದಲ ಬೆಡ್‌ನ ಏರಿಕೆಯೇ ಅನುಮಾನ. ಬೆಳಿಗ್ಗೆ ಇನ್ಸ್ಟ್ರುಮೆಂಟ್ ಹುಡುಗ ಮೇಲೆ ಹತ್ತಿ ನೋಡಿದ. ರಿಪೇರಿಯಲ್ಲಿ ಬಿಚ್ಚಿದ್ದ ಒಳತಾಪದ ಥರ್ಮೋಕಪಲ್ ಕೊಳವೆಯ ತಳ ಮುಟ್ಟಿರಲಿಲ್ಲ, ಅರ್ಧಕ್ಕೇ ನಿಂತಿತ್ತು. ನಿಜವಾದ ತಾಪ 435, ಅದು ತೋರಿಸುತ್ತಿದ್ದದ್ದು 420. ಕಂಟ್ರೋಲರ್ ಪಾಪ ಅದನ್ನೇ ನಂಬಿ 15 ಡಿಗ್ರಿ ಹೆಚ್ಚು ಕಾಯಿಸುತ್ತಿತ್ತು. ಮೊದಲ ಬೆಡ್ ಬೇಗ ಬಿಸಿಯಾಗಿ, ಸಮತೋಲನದ ಗೋಡೆಗೆ ಬೇಗ ತಾಗಿ, 65ರ ಬದಲು 63 ಪ್ರತಿಶತಕ್ಕೇ ನಿಂತಿತ್ತು. ಥರ್ಮೋಕಪಲ್ಲನ್ನು ಒಳಗೆ ತಳ್ಳಿದ್ದಷ್ಟೇ ರಿಪೇರಿ.

ಬಿಸಿ ಹೆಚ್ಚೋ, ಕಡಿಮೆಯೋ?

ಬೆಡ್‌ನ ಏರಿಕೆ ನಿಜವಾಗಿ ಕಡಿಮೆ ಇದ್ದರೆ ಕಾರಣ ಎರಡರಲ್ಲಿ ಒಂದು. ಕ್ರಿಯೆ ನಿಧಾನವಾಗಿದೆ, ಅಥವಾ ಸಮತೋಲನ ತಡೆಯುತ್ತಿದೆ. ಮದ್ದು ಒಂದಕ್ಕೊಂದು ಉಲ್ಟಾ, ಹಾಗಾಗಿ ಊಹೆಯಲ್ಲಿ ವಾಲ್ವ್ ತಿರುಗಿಸಬೇಡಿ.

ಆ ಬೆಡ್‌ನ ಒಳತಾಪವನ್ನು 5 ಡಿಗ್ರಿ ಮಾತ್ರ ಏರಿಸಿ. ಬೇರೆ ಏನನ್ನೂ ಮುಟ್ಟಬೇಡಿ. ಗಂಧಕದ ಹರಿವು, ಗಾಳಿ ಊದುವ ಬ್ಲೋವರ್, ಎಲ್ಲಾ ಹಾಗೇ ಇರಲಿ. ಟನ್‌ಗಟ್ಟಲೆ ಕ್ಯಾಟಲಿಸ್ಟ್ ಮತ್ತು ಉಕ್ಕು ಬಿಸಿಗೆ ಹೊಂದಿಕೊಳ್ಳಬೇಕಲ್ಲ, ಕೆಲವು ಗಂಟೆ ಕಾಯಿರಿ. ಈಗ ಏರಿಕೆ ಹೆಚ್ಚಾದರೆ ಬೆಡ್ ತಣ್ಣಗಿತ್ತು, ಇಲ್ಲವೇ ಕ್ಯಾಟಲಿಸ್ಟ್ ಬಳಲಿದೆ. ಏರಿಕೆ ಕಡಿಮೆಯಾದರೆ ಸಮತೋಲನಕ್ಕೆ ತಾಗಿದ್ದೀರಿ, ಬಿಸಿ ಇಳಿಸಬೇಕು. ಅರ್ಧ ಗಂಟೆಗೇ ತಾಳ್ಮೆ ಕಳೆದುಕೊಂಡು ಮತ್ತೊಂದು 5 ಡಿಗ್ರಿ ಏರಿಸಿದರೆ ಯಾವುದರಿಂದ ಏನಾಯಿತು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಬೆಡ್‌ನ ನಡುವೆ ಥರ್ಮೋಕಪಲ್ ಇದ್ದರೆ ನೀವು ಅದೃಷ್ಟವಂತರು. ಮೊದಲು ಮೇಲಿನ ಮೂರನೇ ಒಂದು ಭಾಗದಲ್ಲೇ ತಾಪ ನೆಗೆಯುತ್ತಿತ್ತು, ಈಗ ನಡುವಿಗೆ ಬಂದ ಮೇಲೆ ಏರುತ್ತಿದೆ ಅಂದರೆ ಮೇಲಿನ ಪದರ ಸತ್ತಿದೆ. ಹೊರತಾಪ ಹಾಗೇ ಇದ್ದರೂ ಇದು ಮುಂಚಿತವಾಗಿ ಹೇಳಿಬಿಡುತ್ತದೆ.

ಎಲ್ಲಾ ಬೆಡ್ ಸರಿ, ಚಿಮಣಿ ಮಾತ್ರ ಕೆಟ್ಟಿದೆ

ಹೀಗಾದರೆ ನನ್ನ ಮೊದಲ ಅನುಮಾನ ಹೀಟ್ ಎಕ್ಸ್‌ಚೇಂಜರ್ ಮೇಲೆ. ನಡುವಿನ, ಅಂದರೆ ಮೂರನೇ ಬೆಡ್ ಆದ ಮೇಲಿನ ಟವರಿನಿಂದ ತಣ್ಣಗೆ ವಾಪಸ್ ಬರುವ ಅನಿಲವನ್ನು ನಾಲ್ಕನೇ ಬೆಡ್‌ಗೆ ಕಾಯಿಸುವುದು ಎರಡನೇ ಮತ್ತು ಮೂರನೇ ಬೆಡ್‌ನಿಂದ ಹೊರಬರುವ ಬಿಸಿ ಅನಿಲ. ಒತ್ತಡ ಜಾಸ್ತಿ ಇರುವುದು ಬಿಸಿ ಅನಿಲದ ಕಡೆ. ಒಂದು ಟ್ಯೂಬ್ ತೂತಾದರೆ ಆ ಅನಿಲ ಟವರಿಗೆ ಹೋಗದೆ ಒಳದಾರಿಯಲ್ಲಿ ನುಗ್ಗಿ ನೇರ ನಾಲ್ಕನೇ ಬೆಡ್ ಸೇರುತ್ತದೆ. ಎರಡನೇ ಬೆಡ್‌ನ ಅನಿಲವಾದರೆ ಅದರಲ್ಲಿ ಇನ್ನೂ ಹತ್ತರಲ್ಲಿ ಒಂದು ಪಾಲು ಡೈಆಕ್ಸೈಡ್ ಹಾಗೇ ಇರುತ್ತದೆ. ಜೊತೆಗೆ ಬಂದ ಟ್ರೈಆಕ್ಸೈಡ್ ಸಮತೋಲನವನ್ನೂ ಹಿಂದಕ್ಕೆ ತಳ್ಳುತ್ತದೆ.

ಪತ್ತೆ ಮಾಡುವುದು ಕಷ್ಟವಲ್ಲ. ನಡುವಿನ ಟವರಿನ ಹೊರಬಾಗಿಲಲ್ಲಿ ಒಂದು ಸ್ಯಾಂಪಲ್, ನಾಲ್ಕನೇ ಬೆಡ್‌ನ ಒಳಬಾಗಿಲಲ್ಲಿ ಇನ್ನೊಂದು. ಡೈಆಕ್ಸೈಡ್ ಎರಡರಲ್ಲೂ ಒಂದೇ ಇರಬೇಕು, ಟ್ರೈಆಕ್ಸೈಡ್ ಎರಡರಲ್ಲೂ ಹೆಚ್ಚುಕಡಿಮೆ ಇಲ್ಲದಂತಿರಬೇಕು. ಎರಡನೆಯದರಲ್ಲಿ ಟ್ರೈಆಕ್ಸೈಡ್ ಕಂಡರೆ ಟ್ಯೂಬ್ ತೂತು, ಬೇರೆ ದಾರಿಯೇ ಇಲ್ಲ.

ಸ್ಯಾಂಪಲ್ ಪಾಯಿಂಟ್ ಇಲ್ಲ ಅಂದರೆ ಲೋಡ್ ಇಳಿಸಿ ನೋಡಿ. ಪ್ಲಾಂಟನ್ನು 70 ಪ್ರತಿಶತಕ್ಕೆ ತನ್ನಿ, ಅನಿಲದ ಸಾಂದ್ರತೆ ಮತ್ತು ಒಳತಾಪಗಳನ್ನು ಬದಲಿಸಬೇಡಿ. ಬಳಲಿದ ಕ್ಯಾಟಲಿಸ್ಟಿಗೆ ಅನಿಲದ ಜೊತೆ ಹೆಚ್ಚು ಹೊತ್ತು ಸಿಗುತ್ತದೆ, ಚಿಮಣಿ ಸುಧಾರಿಸುತ್ತದೆ. ತೂತಿಗೆ ಅದೆಲ್ಲ ಇಲ್ಲ. ಹರಿವಿನ ಇಂತಿಷ್ಟು ಪಾಲು ಸೋರಿಯೇ ಸೋರುತ್ತದೆ, ಚಿಮಣಿಯ ಅಂಕಿ ಹೆಚ್ಚು ಅಲ್ಲಾಡುವುದಿಲ್ಲ. ಕನ್ವರ್ಟರಿನ ಒಳಗೆ ಎರಡು ಬೆಡ್ ನಡುವಿನ ತಟ್ಟೆ ಬಿರುಕು ಬಿಟ್ಟಿದ್ದರೂ ನಡತೆ ಹೀಗೇ ಇರುತ್ತದೆ.

ಟ್ಯೂಬ್ ತೂತಾದದ್ದು ಯಾಕೆ ಅಂತಲೂ ಕೇಳಬೇಕು. ಎಕ್ಸ್‌ಚೇಂಜರಿನ ತಣ್ಣನೆಯ ತುದಿಯಲ್ಲಿ ಆಮ್ಲ ಹನಿಗಟ್ಟಿ ಉಕ್ಕನ್ನು ತಿಂದಿರುತ್ತದೆ. ಆಮ್ಲ ಹನಿಗಟ್ಟಲು ನೀರಾವಿ ಬೇಕು. ನೀರಾವಿ ಬಂದದ್ದು ಒಳಬರುವ ಗಾಳಿಯ ತೇವವನ್ನು ಆಮ್ಲದಿಂದ ಹೀರಿಸುವ ಡ್ರೈಯಿಂಗ್ ಟವರ್ ಸರಿಯಾಗಿ ಒಣಗಿಸದೆ, ಅಥವಾ ಗಂಧಕದಲ್ಲಿದ್ದ ಎಣ್ಣೆಯಂಥ ಹೈಡ್ರೋಕಾರ್ಬನ್ ಸುಟ್ಟು. ಡ್ರೈಯಿಂಗ್ ಟವರಿನ ಹೊರಬಾಗಿಲಲ್ಲಿ ಒಣ ಮರದ ಕಡ್ಡಿಯನ್ನು ಸ್ವಲ್ಪ ಹೊತ್ತು ಗಾಳಿಗೆ ಹಿಡಿಯುವ ಹಳೇ ಪರೀಕ್ಷೆ ಈಗಲೂ ಚೆನ್ನ. ಆಮ್ಲದ ಹನಿ ಬರುತ್ತಿದ್ದರೆ ಕಡ್ಡಿಯ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ.

ಬ್ಲೋವರ್ ಏದುಸಿರು ಬಿಡುತ್ತಿದೆ

ಮೊದಲ ಬೆಡ್‌ನ ಒತ್ತಡ ನಷ್ಟ (ಬೆಡ್ ದಾಟುವಾಗ ಅನಿಲ ಕಳೆದುಕೊಳ್ಳುವ ಒತ್ತಡ) ನಿಧಾನವಾಗಿ ಏರುತ್ತಿದೆ, ತಾಪ ಏರಿಕೆ ಮಾತ್ರ ಸರಿ ಇದೆ ಅಂದರೆ ಅದು ಧೂಳು. ಗಂಧಕದ ಬೂದಿ ಮೇಲಿನ ಪದರದಲ್ಲಿ ಹಪ್ಪಳದಂತೆ ಕಟ್ಟಿಕೊಳ್ಳುತ್ತದೆ. ದಿನಕ್ಕೆ 100 ಟನ್ ಗಂಧಕ ಸುಡುವಲ್ಲಿ ಬೂದಿ ಬರೀ 50 ಪಿಪಿಎಂ ಇದ್ದರೂ ದಿನಕ್ಕೆ 5 ಕಿಲೋ. ವರ್ಷಕ್ಕೆ 1.8 ಟನ್ ಆಯಿತು. ಮದ್ದು ಕನ್ವರ್ಟರಿನಲ್ಲಿಲ್ಲ, ಗಂಧಕದ ಫಿಲ್ಟರಿನಲ್ಲಿದೆ.

ಒತ್ತಡ ನಷ್ಟ ಇದ್ದಕ್ಕಿದ್ದಂತೆ ಇಳಿದು ತಾಪ ಏರಿಕೆಯೂ ಇಳಿದರೆ ಖುಷಿ ಪಡಬೇಡಿ. ಬೆಡ್‌ನಲ್ಲಿ ಎಲ್ಲೋ ಹಳ್ಳ ಬಿದ್ದಿದೆ, ಅಥವಾ ಕೆಳಗಿನ ಜಾಲರಿ ಕುಸಿದಿದೆ. ಅನಿಲ ಕ್ಯಾಟಲಿಸ್ಟ್ ಮುಟ್ಟದೆ ಆ ದಾರಿಯಲ್ಲಿ ಓಡುತ್ತಿದೆ.

ನಿಜವಾಗಿ ಕ್ಯಾಟಲಿಸ್ಟೇ ಆದರೆ

ಇಷ್ಟೆಲ್ಲ ದಾಟಿ ಬಂದ ಮೇಲೆ ಅದರ ಹೆಸರು ಹೇಳಬಹುದು. 1831ರಲ್ಲಿ ಇಂಗ್ಲೆಂಡಿನ ವಿನಿಗರ್ ತಯಾರಕ ಪೆರೆಗ್ರಿನ್ ಫಿಲಿಪ್ಸ್ ಈ ವಿಧಾನಕ್ಕೆ ಪೇಟೆಂಟ್ ಪಡೆದಾಗ ಕ್ಯಾಟಲಿಸ್ಟ್ ಆಗಿದ್ದದ್ದು ಪ್ಲಾಟಿನಂ. ಚೂರು ಆರ್ಸೆನಿಕ್ ಸೋಕಿದರೂ ಅದು ಸಾಯುತ್ತಿತ್ತು. ವನೇಡಿಯಂ ಅಷ್ಟು ನಾಜೂಕಲ್ಲ. ಆದರೂ ಅದಕ್ಕೂ ಶತ್ರುಗಳಿವೆ. ಫ್ಲೋರೈಡ್ ಸಿಲಿಕಾವನ್ನೇ ಕೊರೆಯುತ್ತದೆ. ಕ್ಲೋರೈಡ್ ವನೇಡಿಯಂ ಅನ್ನು ಆವಿ ಮಾಡಿ ಹೊತ್ತೊಯ್ಯುತ್ತದೆ. ಅದಿರು ಹುರಿದ ಅನಿಲ ಬಳಸುವ ಕಡೆ ಇವೆರಡರ ಕಾಟ ಹೆಚ್ಚು, ಶುದ್ಧ ಗಂಧಕ ಸುಡುವಲ್ಲಿ ಕಡಿಮೆ. 650 ಡಿಗ್ರಿಯ ಹತ್ತಿರ ಬಹಳ ಕಾಲ ಇಟ್ಟರೆ ಒಳಗಿನ ರಂಧ್ರಗಳೇ ಮುಚ್ಚಿಹೋಗುತ್ತವೆ.

ಆದರೆ ಗಂಧಕದ ಪ್ಲಾಂಟಿನಲ್ಲಿ ನಾನು ಜಾಸ್ತಿ ಕಂಡ ಕೊಲೆಗಾರ ತೇವ. ಅದೂ ಪ್ಲಾಂಟ್ ಓಡುವಾಗ ಅಲ್ಲ, ನಿಂತಾಗ. ಕ್ಯಾಟಲಿಸ್ಟ್ ಒಳಗೆ ಟ್ರೈಆಕ್ಸೈಡ್ ಸೇರಿಕೊಂಡಿರುತ್ತದೆ. ಹಾಗೇ ತಣಿಯಲು ಬಿಟ್ಟರೆ ಗಾಳಿಯ ತೇವ ಎಳೆದುಕೊಂಡು ಒಳಗೇ ಆಮ್ಲವಾಗುತ್ತದೆ. ಉಂಡೆಗಳು ಮೆತ್ತಗಾಗಿ, ಅಂಟಿಕೊಂಡು, ಮತ್ತೆ ಕಾಯಿಸಿದಾಗ ಪುಡಿಯಾಗುತ್ತವೆ. ನಿಲ್ಲಿಸುವ ಮೊದಲು ಗಂಧಕ ಬಂದ್ ಮಾಡಿ, ಬೆಡ್‌ಗಳು ಇನ್ನೂ 400ರ ಮೇಲಿರುವಾಗಲೇ ಒಣ ಬಿಸಿಗಾಳಿ ಊದಿ ಟ್ರೈಆಕ್ಸೈಡನ್ನು ಪೂರ್ತಿ ಓಡಿಸಬೇಕು. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅವಸರ ಮಾಡಿದವರು ಮುಂದಿನ ಸಲ ಸ್ಟಾರ್ಟ್ ಮಾಡುವಾಗ ಒತ್ತಡ ನಷ್ಟ ನೋಡಿ ತಲೆ ಕೆರೆದುಕೊಳ್ಳುತ್ತಾರೆ.

ಕನ್ವರ್ಟರ್ ತೆರೆದಾಗ ಬಣ್ಣವನ್ನೂ ನೋಡಿ. ಹೊಂಬಣ್ಣ, ಹಳದಿ ಅಥವಾ ಹಸಿರು ಛಾಯೆಯ ಹಳದಿ ಇದ್ದರೆ ಜೀವ ಇದೆ. ಕಡು ಹಸಿರು, ನೀಲಿ ಹಸಿರು ಆಗಿದ್ದರೆ ವನೇಡಿಯಂ ಕೆಳಗಿನ ಸ್ಥಿತಿಗೆ ಇಳಿದಿದೆ, ತಣ್ಣಗೆ ಓಡಿಸಿರಬಹುದು ಅಥವಾ ತೇವ ಹಿಡಿದಿರಬಹುದು. ತಣ್ಣಗೆ ಓಡಿಸಿದ್ದಷ್ಟೇ ಆದರೆ ಮತ್ತೆ ಚೆನ್ನಾಗಿ ಕಾಯಿಸಿದಾಗ ಚೇತರಿಸಿಕೊಳ್ಳುವುದುಂಟು. ಪ್ರತಿ ಬೆಡ್‌ನ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆಯಿಂದ ಮಾದರಿ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಲ್ಯಾಬಿಗೆ ಕಳಿಸಿ. ಮೇಲಿನದು ಮಾತ್ರ ಸತ್ತಿದ್ದರೆ ಇಡೀ ಬೆಡ್ ಎಸೆಯಬೇಕಿಲ್ಲ.

ಸೋಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಇಲ್ಲದೆ ಯಾರನ್ನೂ ಒಳಗೆ ಬಿಡಬೇಡಿ. ವನೇಡಿಯಂ ಧೂಳು ಕುಡಿದವರ ನಾಲಿಗೆ ಹಸಿರಾಗುತ್ತದೆ. ಸೋಸುವ ಕೆಲಸ ಮುಗಿಸಿ ಬಂದವರನ್ನು ಒಮ್ಮೆ ನಾಲಿಗೆ ಚಾಚಲು ಹೇಳಿ. ಹಸಿರು ಕಂಡರೆ ಮಾಸ್ಕ್ ಎಲ್ಲೋ ಸೋರುತ್ತಿದೆ, ಅದನ್ನು ಸರಿಪಡಿಸುವವರೆಗೆ ಮುಂದಿನ ಬೆಡ್ ಮುಟ್ಟಬೇಡಿ.